ಬಾಗಿಲ ಸಂದಿಯ ಕಾಫಿ ವಾಸನೆ

ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್‌ನ ಆ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಕಿಟಕಿ ತೆರೆದರೆ ವಿಮಾನಗಳ ಸದ್ದು, ಮುಚ್ಚಿದರೆ ಸೆಕೆ. ಎರಡೂ ಬೇಡವೆಂದು ಸೌಜನ್ಯ ಮತ್ತು ಅವಳ ಗಂಡ ಶ್ರೀಕಾಂತ್ ಜೂನ್‌ನಲ್ಲಿ ಒಂದು ಏಸಿ ತಂದರು. ಗಾಲಿಗಳ ಮೇಲೆ ತಳ್ಳಿಕೊಂಡು ಹೋಗಬಹುದಾದಂಥದು. ಅದರ ಬೆನ್ನಿನಿಂದ ಹೊರಟ ದಪ್ಪ ಪೈಪು, ಕಿಟಕಿಗೆ ಕೂರಿಸಿದ ಪ್ಲಾಸ್ಟಿಕ್ ಹಲಗೆಯ ತೂತಿನಿಂದ ಬಿಸಿ ಗಾಳಿಯನ್ನು ಹೊರಗೆ ದಬ್ಬುತ್ತಿತ್ತು.

ದಬ್ಬುತ್ತಿದ್ದುದು ನಿಜ, ಆದರೆ ಮನೆ ತಂಪಾಗಲಿಲ್ಲ. ಎದುರಿಗೆ ಕೂತರೆ ಮೊಣಕಾಲು ತಣ್ಣಗೆ, ಬೆನ್ನು ಬೆವರು. ಮೈಸೂರಿನ ಶ್ರೀಕಾಂತನಿಗೆ ಎರಡು ವಾರದೊಳಗೇ ಸಾಕಾಯಿತು.

"ಡಿಫೆಕ್ಟಿವ್ ಪೀಸು ಕಣೆ ಇದು. ರಿಟರ್ನ್ ಮಾಡ್ಬಿಡೋಣ."

ಸೌಜನ್ಯ ಹತ್ತಿರದ ವಾನ್ ಊರಿನ ಗೋದಾಮೊಂದರಲ್ಲಿ ಗಿರಾಕಿಗಳು ವಾಪಸು ಕಳಿಸಿದ ಸಾಮಾನುಗಳನ್ನೇ ಪರೀಕ್ಷಿಸುವ ಕೆಲಸದಲ್ಲಿದ್ದಳು. ಕೆಟ್ಟಿದೆಯೆಂದು ಬಂದ ಎಷ್ಟೋ ಡಬ್ಬಗಳಲ್ಲಿ ಕೆಟ್ಟದ್ದು ಏನೂ ಇರುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು. "ನಿಲ್ಲು ಮಾರಾಯ, ಎಂತ ಆಗ್ತಾ ಉಂಟು ಅಂತ ಒಮ್ಮೆ ನೋಡುವ," ಎಂದಳು.

ಮೊದಲು ಹಿಂಬದಿಯ ಜಾಲರಿ ತೆಗೆದರು. ಹೊಸ ಯಂತ್ರವಾದರೂ, ರಾತ್ರಿ ತೆರೆದಿಡುತ್ತಿದ್ದ ಇನ್ನೊಂದು ಕಿಟಕಿಯಿಂದ ಹಾರಿಬಂದ, ಹೊರಗಿನ ಮರಗಳ ಹತ್ತಿಯಂಥ ಅರಳೆಯೆಲ್ಲ ಅದಕ್ಕೆ ಕಂಬಳಿಯಂತೆ ಅಂಟಿಕೊಂಡಿತ್ತು. ಶ್ರೀಕಾಂತ್ ಅದನ್ನು ತೊಳೆದು ನೆರಳಲ್ಲಿ ಒಣಗಿಸಿದ. ಆಮೇಲೆ ಸೋಫಾದ ಹಿಂದೆ ಮಡಚಿಕೊಂಡು ಬಿದ್ದಿದ್ದ ಪೈಪನ್ನು ನೆಟ್ಟಗೆ ಮಾಡಿ, ಯಂತ್ರವನ್ನು ಕಿಟಕಿಯ ಪಕ್ಕಕ್ಕೇ ಸರಿಸಿದರು. ಗಾಳಿಯ ರಭಸವೇನೋ ಹೆಚ್ಚಿತು. ಆದರೆ ಸೆಕೆ ಮಾತ್ರ ಹೋಗಲಿಲ್ಲ.

ಆ ದಿನ ಸಂಜೆ ಸೌಜನ್ಯಳಿಗೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಏಸಿ ಹಾಕಿದ ಸ್ವಲ್ಪ ಹೊತ್ತಿಗೆ ಮನೆಯಲ್ಲಿ ಕಾಫಿ ಬೀಜ ಹುರಿಯುವ ವಾಸನೆ. ಹಿಂದೆಯೂ ಹಲವು ಸಲ ಬಂದಿತ್ತು, ಅವಳೇ ಲಕ್ಷ್ಯ ಕೊಟ್ಟಿರಲಿಲ್ಲ. ಯಂತ್ರ ಆರಿಸಿದಳು. ವಾಸನೆ ಮೆಲ್ಲಗೆ ಕಡಿಮೆಯಾಯಿತು. ಮತ್ತೆ ಹಾಕಿದಳು, ಮತ್ತೆ ಬಂತು. ಏಸಿಯೊಳಗೆ ಕಾಫಿ ಹುರಿಯುವವರು ಯಾರು?

ದೇವರ ಮುಂದಿನ ಊದುಬತ್ತಿ ಹಚ್ಚಿಕೊಂಡು ಮನೆಯೆಲ್ಲ ಸುತ್ತಿದಳು. ಎಲ್ಲೆಡೆ ಹೊಗೆ ನೇರ ಮೇಲಕ್ಕೇರುತ್ತಿತ್ತು. ಮುಂಬಾಗಿಲ ಅಡಿಯ ಸಂದಿಯ ಬಳಿ ಹಿಡಿದಾಗ ಮಾತ್ರ, ಯಾರೋ ಆಚೆಯಿಂದ ಊದಿದಂತೆ ಮನೆಯೊಳಕ್ಕೆ ಬಾಗಿತು. ಕಿಟಕಿ ಹಲಗೆಯ ಅಂಚಿನಲ್ಲೂ ಅದೇ ಕಥೆ.

ಅವಳು ನೆಲದ ಮೇಲೆಯೇ ಕೂತು ಯೋಚಿಸಿದಳು. ಪೈಪು ಹೊರಗೆ ದಬ್ಬುತ್ತಿರುವುದು ಈ ಮನೆಯದೇ ಗಾಳಿ. ಹೋದಷ್ಟು ಗಾಳಿ ಎಲ್ಲಿಂದಲಾದರೂ ಬರಬೇಕಲ್ಲ. ಕಾರಿಡಾರಿನ ಬಿಸಿ ಗಾಳಿ ಬಾಗಿಲಡಿ ನುಸುಳಿ ಬರುತ್ತಿದೆ, ದಾರಿಯಲ್ಲಿ ಸಿಕ್ಕ ವಾಸನೆಯನ್ನೂ ಹೊತ್ತುಕೊಂಡು. ಯಂತ್ರ ಒಂದು ಕಡೆ ತಂಪು ಮಾಡುತ್ತ, ಇನ್ನೊಂದು ಕಡೆ ಸೆಕೆಯನ್ನು ಕರೆಯುತ್ತಿತ್ತು.

ವಾಸನೆ ಹಿಡಿದು ಕಾರಿಡಾರಿನಲ್ಲಿ ನಡೆದಳು. ಎದುರು ಸಾಲಿನ ಕೊನೆಯ ಬಾಗಿಲು. ತಟ್ಟಿದಾಗ ತೆರೆದವಳು ಇಥಿಯೋಪಿಯಾದ ಹಿರುತ್, ಲಿಫ್ಟಿನಲ್ಲಿ ನಕ್ಕಷ್ಟೇ ಪರಿಚಯ. ಒಲೆಯ ಮೇಲೆ ಪುಟ್ಟ ಬಾಣಲೆ, ಅದರಲ್ಲಿ ಕಪ್ಪಗಾಗುತ್ತಿದ್ದ ಬೀಜ. ದೂರು ಹೇಳಲು ಬಂದಳೇನೋ ಎಂದು ಹಿರುತ್ ಗಾಬರಿಯಾದಳು. ಸೌಜನ್ಯ ಇಂಗ್ಲಿಷಿನಲ್ಲಿ ಊದುಬತ್ತಿಯ ಕಥೆ ಹೇಳುತ್ತಿದ್ದಂತೆ ಅವಳ ಮುಖ ಅರಳಿತು. ಬಾಲ್ಕನಿ ಬಾಗಿಲು ತೆರೆದೇ ಇದ್ದರೂ, ಹುರಿಯುವ ಹೊಗೆ ಈ ಬೇಸಿಗೆಯಲ್ಲಿ ಅತ್ತ ಹೋಗದೆ ಮುಂಬಾಗಿಲತ್ತ ಹರಿಯುವುದೇಕೆಂದು ಅವಳೂ ತಲೆ ಕೆಡಿಸಿಕೊಂಡಿದ್ದಳಂತೆ. ಇಬ್ಬರ ಒಗಟೂ ಒಂದೇ ಎಂದು ತಿಳಿದ ಮೇಲೆ ಅವಳು ಸೌಜನ್ಯಳನ್ನು ಕಾಫಿ ಕುಡಿಸದೆ ಬಿಡಲಿಲ್ಲ. ಆ ಕಾಫಿಯೋ, ಅವರ ಪದ್ಧತಿಯಂತೆ ಮೂರು ಸುತ್ತು, ಒಂದು ಲೋಟಕ್ಕೆ ಮುಗಿಯುವಂಥದ್ದಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ವಿವರಿಸಿದಳು. ಏಸಿಯನ್ನು ಬೆಡ್‌ರೂಮಿಗೆ ತಳ್ಳಿ ಬಾಗಿಲು ಹಾಕಿಕೊಳ್ಳೋಣ ಎಂದಾಗ ಶ್ರೀಕಾಂತ್ ತಡೆದ. "ಅಲ್ಲೂ ಬಾಗಿಲ ಕೆಳಗಿಂದ ಗಾಳಿ ಬರತ್ತಲ್ಲ?"

"ಬರ್ತದೆ. ಆದ್ರೆ ರೂಮು ಸಣ್ಣದಲ್ವಾ, ಮೆಷಿನಿಗೆ ಕೆಲ್ಸ ಕಮ್ಮಿ."

ಅವನಿಗೂ ಈಗ ಹುರುಪು ಬಂತು. ಏಸಿಯನ್ನು ಬೆಡ್‌ರೂಮಿಗೆ ತಳ್ಳಿ, ಅಲ್ಲಿನ ಕಿಟಕಿಗೆ ಹಲಗೆ ಕೂರಿಸಿ, ಅದರ ಸಂದಿಗಳಿಗೆಲ್ಲ ಫೋಮ್ ಟೇಪು ಅಂಟಿಸಿದ. ಮುಟ್ಟಿದರೆ ಸುಡುವಂತಿದ್ದ ಪೈಪಿನ ಬಿಸಿ ಕೋಣೆಗೆ ಹರಡದಂತೆ ಹಳೆಯ ದುಪ್ಪಟಿ ಸುತ್ತಿದ. ಫೋನಿನಲ್ಲಿ ಹುಡುಕಿ, ಹೊರಗಿನ ಗಾಳಿಯನ್ನೇ ಎಳೆದು ಹೊರಗೇ ಬಿಡುವ ಎರಡು ಪೈಪಿನ ಏಸಿಯೂ ಉಂಟೆಂದು ಪತ್ತೆಮಾಡಿದ. ಅಂಗಡಿಯಲ್ಲಿ ಕೇಳಬೇಕಿದ್ದ ಪ್ರಶ್ನೆ ಈಗ ಹೊಳೆಯಿತಲ್ಲ ಎಂದು ಇಬ್ಬರೂ ನಕ್ಕರು.

ಹಾಲ್‌ನ ಸೆಕೆ ಹಾಗೇ ಉಳಿಯಿತು. ಬೆಡ್‌ರೂಮು ಮಾತ್ರ ಊಟ ಮುಗಿಸಿ ಬರುವಷ್ಟರಲ್ಲಿ ತಣ್ಣಗಾಗಿತ್ತು. ಯಂತ್ರವನ್ನು ವಾಪಸು ಕಳಿಸುವ ಮಾತು ಮತ್ತೆ ಬರಲಿಲ್ಲ. ಶ್ರೀಕಾಂತ್ ಹೊದಿಕೆ ಎಳೆದುಕೊಳ್ಳುತ್ತ, ಆ ಕಾಫಿಗೆ ಹಾಲು ಹಾಕುತ್ತಾರೋ ಇಲ್ಲವೋ ಎಂದು ವಿಚಾರಿಸಿದ. ಇಲ್ಲವೆಂದಳು ಸೌಜನ್ಯ. ಆದರೂ ಮುಂದಿನ ಸಲ ತಾನೂ ಬರುತ್ತೇನೆಂದ.