ಕಾಣ್ತೀನಾ, ಪುಟ್ಟಿ?

ಪರದೆಯ ಮೇಲೆ ಒಂದು ಇರುವೆ, ಉರಿಯುತ್ತಿರುವ ಗುಡ್ಡವನ್ನು ಹಾಯಾಗಿ ಹತ್ತುತ್ತಿದೆ, ನಿನಗೇನಮ್ಮ, ಕಾಲು ಸುಡುವ ಚಿಂತೆಯಿಲ್ಲ, ಅವಳು ಉಫ್ ಎಂದು ಊದಿದಳು, ಇರುವೆ ಹಾರಿಹೋಯಿತು, ಗುಡ್ಡ ಉಳಿಯಿತು, ಇಡೀ ಗುಡ್ಡ ಬೆಳ್ಳಗೆ — ಈ ಕ್ಯಾಮೆರಾ ನೋಡುವುದು ಶಾಖವನ್ನು, ಬಿಸಿಯಾದದ್ದು ಬಿಳಿ, ತಣ್ಣಗಿರುವುದು ಕಪ್ಪು, ಹೊಗೆ ಎಷ್ಟಿದ್ದರೂ ಅದಕ್ಕೆ ಲೆಕ್ಕವಿಲ್ಲ — ವಿಶ್ವವಿದ್ಯಾಲಯದ ಈ ಪ್ರಯೋಗಶಾಲೆಯಲ್ಲಿ ಮೇಷ್ಟ್ರೂ ಅವಳೂ ವರ್ಷಗಟ್ಟಲೆ ತಿದ್ದಿ ತೀಡಿದ ಡ್ರೋನು ಗುಡ್ಡದ ನೆತ್ತಿಯ ಮೇಲೆ ನಿಂತಿದೆ, ಕೆಳಗೆ ಆ ಬಿಳಿಯೊಳಗೆಲ್ಲೋ ಭಾವ, ಅಕ್ಕನ ಗಂಡ, ಅಗ್ನಿಶಾಮಕ ದಳದ ಭಾವ, ಗಾಳಿ ದಿಕ್ಕು ಬದಲಿಸಿದಾಗ ಜೊತೆಯವರೆಲ್ಲ ಇಳಿದು ಬಂದರು, ಭಾವ ಬರಲಿಲ್ಲ, ವಾಕಿಟಾಕಿ ಕರಕರ ಎಂದು ಸುಮ್ಮನಾಯಿತು. ಎಲ್ಲಿ ಅಂತ ಹೇಳಮ್ಮ, ನೊರೆ ಕಳಿಸ್ತೀನಿ, ಬೆನ್ನ ಹಿಂದೆ ಮೇಷ್ಟ್ರ ದನಿ, ಬೆಂಕಿ ಆರಿಸುವ ನೊರೆ ಹೊತ್ತ ಡ್ರೋನುಗಳು ಅಂಗಳದಲ್ಲಿ ಗುಂಯ್‌ಗುಡುತ್ತ ಕಾಯುತ್ತಿವೆ, ಸುರಿಯುವುದು ಒಂದೇ ಸಲ, ಜಾಗ ತಪ್ಪಿದರೆ ಮತ್ತೆ ತುಂಬಿಸಿಕೊಂಡು ಬರುವ ತನಕ ಬೆಂಕಿ ಕಾಯುತ್ತದೆಯೇ, ಬಿಳಿ ಚುಕ್ಕೆ ಹುಡುಕು, ಮನುಷ್ಯ ಅಂದರೆ ಬಿಳಿ ಚುಕ್ಕೆ — ಅವತ್ತು ಚಳಿಯ ಬೆಳಗ್ಗೆ ಪ್ರಯೋಗಕ್ಕೆಂದು ಭಾವ ರಜೆ ಹಾಕಿ ಬಂದು ಮೈದಾನದಲ್ಲಿ ಅಂಗಾತ ಮಲಗಿದ್ದರು, ಒದ್ದೆ ಹುಲ್ಲಿನ ಕಪ್ಪಿನಲ್ಲಿ ಬೆಳ್ಳಗೆ ಹೊಳೆಯುತ್ತ, ಬಲಗೈ ಎತ್ತಿ ಟಾಟಾ ಮಾಡುತ್ತ, ಕಾಣ್ತೀನಾ ಪುಟ್ಟಿ, ಕಾಣ್ತೀರ ಭಾವ, ಸುಮ್ನೆ ಮಲಗಿ, ಹೊಟ್ಟೆ ಕಡಿಮೆ ಮಾಡಿ ತೋರ್ಸೋಕಾಗತ್ತಾ ನೋಡು, ಮೇಷ್ಟ್ರೇ ನಕ್ಕುಬಿಟ್ಟಿದ್ದರು — ಆ ಕೈ ಎಲ್ಲಿ, ಇಲ್ಲಿ ಎಲ್ಲವೂ ಬಿಳಿ, ಕಂಪ್ಯೂಟರು ಉರಿಯುವ ಒಂದೊಂದು ಬೊಡ್ಡೆಗೂ ಚೌಕ ಹಾಕಿ ಮನುಷ್ಯ, ಮನುಷ್ಯ ಎನ್ನುತ್ತಿದೆ, ಅದಕ್ಕೆ ಹಾಗೆ ಕಲಿಸಿದವಳು ಅವಳೇ. ಮೇಜಿನ ಮೇಲೆ ಫೋನು ನಡುಗಿತು, ಅಕ್ಕ, ಸಿಕ್ಕಿದ್ರಾ, ಹುಡುಕ್ತಿದೀನಿ ಕಣೇ, ನಿನ್ನ ಹಕ್ಕಿಗೆ ಎಲ್ಲಾ ಕಾಣತ್ತೆ ಅಂತಿದ್ದೆಯಲ್ಲೇ, ಅಕ್ಕ ಅಳುತ್ತಿಲ್ಲ, ಅದೇ ಹೆದರಿಕೆ.

ಇರುವೆ ಮತ್ತೆ ಬಂದಿದೆ, ಹಾಳಾದ್ದು, ಅವಳು ಊದಿದಳು, ಹೋಗಲಿಲ್ಲ, ಬೆರಳಿನಿಂದ ಒರೆಸಿದಳು, ಹೋಗಲಿಲ್ಲ, ಗಾಜಿನ ಮೇಲಲ್ಲ ಅದು, ಒಳಗೆ, ಗುಡ್ಡದ ಮೇಲೆ, ಬಿಳಿಯ ನಡುವೆ ಒಂದು ಕಪ್ಪು ಕಾಳು, ಮಿಸುಕುತ್ತಿದೆ — ಅಯ್ಯೋ ಪೆದ್ದಿ, ಜೀವದ ಬಿಸಿ ಎಷ್ಟು ಮಹಾ, ಚಳಿಯ ಹುಲ್ಲಿನ ಮೇಲೆ ಅದು ಬಿಳಿ, ಬೆಂಕಿಯ ಮುಂದೆ ಕಪ್ಪಲ್ಲವೇ, ಹೊತ್ತಿಕೊಂಡ ಇಡೀ ಗುಡ್ಡದಲ್ಲಿ ತಂಪಾಗಿ ಉಳಿದದ್ದು ಬದುಕಿರುವುದೊಂದೇ, ಅವಳು ಪರದೆಗೆ ಬೆರಳೊತ್ತಿದಳು, ಸರ್ ಇಲ್ಲಿ, ಇಲ್ಲೇ, ಅದು ಬಂಡೆ ಇರಬಹುದಮ್ಮ, ಅಲ್ಲ ಸರ್, ಬಂಡೆ ತೆವಳಲ್ಲ, ಕಳಿಸಿ. ಮೇಷ್ಟ್ರು ಕಳಿಸಿಬಿಟ್ಟರು. ಹೊಗೆಯನ್ನು ಸೀಳಿಕೊಂಡು ಡ್ರೋನುಗಳು ಬಂದವು, ಒಂದರ ಹಿಂದೊಂದು, ಅವಳು ಬೆಸುಗೆ ಹಾಕಿದ ತಂತಿಗಳು, ಅವಳ ಕೈಯಿಂದ ಜಾರಿ ಬಿದ್ದು ಮೇಜಿನಡಿ ತಡಕಾಡಿಸಿದ ಸ್ಕ್ರೂಗಳು, ಅವೇ, ಆಕಾಶದಲ್ಲಿ ಸುತ್ತುಗಟ್ಟಿ ನಿಂತಿವೆ, ನಾವು ಮಾಡಿದ್ದಾ ಇದು, ನಾವೇನಾ, ನೊರೆ ಬಿತ್ತು, ಬಿಳಿಯ ಮೇಲೆ ಕಪ್ಪು ಹರಡಿತು, ಚೆಲ್ಲಿದ ಶಾಯಿಯ ಹಾಗೆ, ಅಷ್ಟಗಲ, ಇನ್ನೂ ಅಗಲ, ಎಷ್ಟು ಚೆಂದ, ಅಯ್ಯೋ, ಚುಕ್ಕೆಯನ್ನೂ ನುಂಗಿತು — ಕಪ್ಪಿನಲ್ಲಿ ಕಪ್ಪು, ಏನೂ ಇಲ್ಲ, ಪುಟ್ಟಿ, ಫೋನಿನಲ್ಲಿ ಅಕ್ಕ, ಪುಟ್ಟಿ ಮಾತಾಡೇ, ಏನೂ ಇಲ್ಲ, ನೊರೆ ತಣ್ಣಗೆ, ಒದ್ದೆ ಹುಲ್ಲಿನಷ್ಟು ತಣ್ಣಗೆ, ಮೈದಾನ, ಚಳಿಯ ಬೆಳಗ್ಗೆ, ಹಾಗಾದರೆ ಈಗ ಹುಡುಕಬೇಕಾದ್ದು, ಜೀವ ಇದ್ದರೆ, ಇದ್ದರೆ, ಆ ಕಪ್ಪಿನ ನಟ್ಟನಡುವೆ ಮಸುಕಾಗಿ ಏನೋ, ಬೂದು, ಬಿಳಿ, ಬೆಳ್ಳನೆಯ ಒಂದು ಎಳೆ, ನೊರೆಯಿಂದ ಮೇಲಕ್ಕೆ, ಕೈ, ಬಲಗೈ, ಅತ್ತ ಇತ್ತ, ಅತ್ತ ಇತ್ತ, ಕಾಣ್ತೀರ ಭಾವ, ಕಾಣ್ತೀರ, ಕೈ, ಆ ಬಿಳಿ ಕೈ —