ನಾನೂರು ಪಟ್ಟು ಸೊಕ್ಕು

ನಾನು ಒಂದು ಸೂಕ್ಷ್ಮದರ್ಶಕ. ಯಾವುದನ್ನಾದರೂ ನಾನೂರು ಪಟ್ಟು ದೊಡ್ಡದು ಮಾಡಿ ತೋರಿಸುತ್ತೇನೆ. ಮನುಷ್ಯರ ದಡ್ಡತನಕ್ಕೆ ಮಾತ್ರ ನನ್ನ ಸಹಾಯ ಬೇಕಿಲ್ಲ, ಅದು ಬರಿಗಣ್ಣಿಗೇ ಕಾಣುತ್ತದೆ. ನಾನು ಹುಟ್ಟಿದ ಕಾರ್ಖಾನೆಯಲ್ಲಿ ಕೈಗವಸಿಲ್ಲದೆ ಯಾರೂ ನನ್ನನ್ನು ಮುಟ್ಟುತ್ತಿರಲಿಲ್ಲ. ಆಮೇಲೆ ಸೇರಿದ ಕಚೇರಿಯಲ್ಲಿ ಆರು ವರ್ಷ ನನ್ನ ನೆತ್ತಿಯ ಮೇಲೆ ಚಹಾದ ಲೋಟ ಇಟ್ಟರು. ಹರಾಜಿನಲ್ಲಿ ನನ್ನನ್ನು ಕೊಂಡವರು ಹಂಪಿಹೊಳಿ ಮೇಡಂ.

ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ಅವರು ಶಾವಿಗೆಯಷ್ಟು ತೆಳುವಾದ ಕೇಬಲ್ಲುಗಳ ವಿನ್ಯಾಸ ಮಾಡಿ ತಯಾರಿಸುತ್ತಾರೆ. ದವಾಖಾನೆಯಲ್ಲಿ ಹೊಟ್ಟೆಯೊಳಗೆ ಇಳಿಸಿ ನೋಡುವ ಕೊಳವೆಗೆ ಅವು ಬೇಕು. ಒಳಗಿರುವುದು ಕೂದಲಿನಂಥ ಗಾಜಿನ ಎಳೆ. ಅದರ ತುದಿಯನ್ನು ಉಜ್ಜಿ ನುಣುಪು ಮಾಡಿ ನನ್ನ ಮುಂದೆ ಹಿಡಿಯಬೇಕು. ಒಂದು ಚುಕ್ಕಿ ಕೊಳೆ ಕಂಡರೂ ಅದು ಫೇಲು. ಮೇಡಂ ಮೂರು ತಿಂಗಳು ಈ ಕೆಲಸ ಕಲಿಸಿ ಪರೀಕ್ಷೆ ಇಡುತ್ತಾರೆ. ಪಾಸಾದವರಿಗೆ ಅಲ್ಲೇ ನೌಕರಿ, ಉಳಿದವರು ಮನೆಗೆ.

ಈ ಜನಕ್ಕೆ ಊದುವ ಚಟ. ಸ್ಲೇಟಿಗೆ ಊದಿ ಬೆಳೆದವರು ಗಾಜಿನ ಎಳೆಗೂ ಉಫ್ ಎನ್ನುತ್ತಾರೆ. ಅವರ ಉಗುಳಿನ ಹನಿ ನನಗೆ ಕೆರೆಯಷ್ಟು ಕಾಣುತ್ತದೆ. ಎಲ್ಲರಿಗಿಂತ ಹೆಚ್ಚು ಊದುತ್ತಿದ್ದವನು ದ್ಯಾಮಣ್ಣ. ರೇಡಿಯೋ ರಿಪೇರಿ ಅಂಗಡಿ ಮುಚ್ಚಿ, ನಲವತ್ತೆಂಟರ ವಯಸ್ಸಿನಲ್ಲಿ ಕಲಿಯಲು ಬಂದಿದ್ದ.

"ದ್ಯಾಮಣ್ಣಾರ, ಊದಬ್ಯಾಡ್ರಿ, ಒರಸ್ರಿ," ಎಂದು ಮೇಡಂ ಸಾವಿರ ಸಲ ಹೇಳಿದರು.

"ಮೂವತ್ತು ವರ್ಷದ ಚಟಾರಿ ಮೇಡಂ, ಬಾಯಿ ತಾನಽ ಹೋಗತೈತಿ."

ಕೊನೆಗೆ ಬಾಯಿಗೆ ಕರ್ಚೀಫು ಕಟ್ಟಿಕೊಂಡು ಕೂತ. ಎಂಥ ಮುಠ್ಠಾಳ ಎಂದು ನಾನು ಒಳಗೊಳಗೇ ನಕ್ಕೆ.

ಪರೀಕ್ಷೆಯ ಹಿಂದಿನ ದಿನ ಆಯುಧಪೂಜೆ. ಮೇಸ್ತ್ರಿ ಮಾಲತೇಶ ಯಂತ್ರಗಳಿಗೆಲ್ಲ ಕುಂಕುಮ ಹಚ್ಚುತ್ತ ಬಂದು ನನ್ನ ಹಣೆಗೂ ಧಾರಾಳವಾಗಿ ಬಳಿದ. ಪುಡಿ ಉದುರಿ, ಕಣ್ಣಿಟ್ಟು ನೋಡುವ ಗಾಜಿನ ಮೇಲೆ ಕೂತಿತು. ಅವನ ಭಕ್ತಿಗಿಷ್ಟು ಬೆಂಕಿ ಹಾಕ.

ಮರುದಿನ ಪರೀಕ್ಷೆಗೆ ಕೂತವರು ಐವರು. ಮೊದಲ ನಾಲ್ವರ ಎಳೆಗಳಲ್ಲೂ ಕಪ್ಪು ಚುಕ್ಕಿಗಳು ಕಂಡವು. ದ್ಯಾಮಣ್ಣ ಮೂರು ಸಲ ಒರೆಸಿ ತಂದ, ಮೂರು ಸಲವೂ ಚುಕ್ಕಿ.

"ಈ ವಯಸ್ಸಿನ್ಯಾಗ ಕೈ ನಿಲ್ಲೂದಿಲ್ಲ ಬಿಡ್ರಿ," ಎಂದ ಮಾಲತೇಶ. ದ್ಯಾಮಣ್ಣ ತನ್ನ ಬೆರಳುಗಳನ್ನೇ ನೋಡುತ್ತ ಎದ್ದು ಹೋದ. ತಕ್ಕ ಶಾಸ್ತಿ ಎಂದುಕೊಂಡೆ.

ಐದನೆಯವಳು ಫಕ್ಕೀರವ್ವ. ಚುಕ್ಕಿ ಕಂಡಾಗ ಅವಳು ಏಳಲಿಲ್ಲ. ಎಳೆಯನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿದಳು.

"ಮೇಡಂ, ಎಳಿ ತಿರುಗಿಸಿದ್ರೂ ಚುಕ್ಕಿ ತಿರುಗವಲ್ಲವ್ರಿ. ಹೊಲಸು ಎಳ್ಯಾಗಿಲ್ಲ, ಈ ದುರ್ಬೀನಿನ್ಯಾಗೈತಿ."

ಮೇಡಂ ನನ್ನ ಗಾಜನ್ನು ಒರೆಸಿದರು. ಬಿಳಿ ಬಟ್ಟೆ ಕೆಂಪಾಯಿತು. ನಾಚಿಕೆಯಿಂದ ಸತ್ತೇಹೋದೆ. ಎಲ್ಲರ ಎಳೆಗಳನ್ನೂ ಮತ್ತೆ ನೋಡಿದರು. ಎಲ್ಲಕ್ಕಿಂತ ನುಣುಪಾಗಿದ್ದದ್ದು ದ್ಯಾಮಣ್ಣನದು.

ಫೇಲೆಂದು ಎದ್ದುಹೋಗಿದ್ದ ನಾಲ್ವರಲ್ಲಿ ಮೂವರು ಗೇಟಿನ ಚಹಾದಂಗಡಿಯಲ್ಲೇ ಸಿಕ್ಕರು. ದ್ಯಾಮಣ್ಣ ಬಸ್ಸು ಹತ್ತಿಬಿಟ್ಟಿದ್ದ. ವಾರವಿಡೀ ಫೋನ್ ಎತ್ತಲಿಲ್ಲ. ತಪ್ಪು ಯಂತ್ರದ್ದೆಂದು ಮೇಡಂ ಮೆಸೇಜು ಕಳಿಸಿದರು. ಎಂಟನೆಯ ದಿನ ಅವನ ಹೆಂಡತಿ ಮಾತಾಡಿದಳು. ಮೇಡಂ ಫೋನಿನ ದನಿ ದೊಡ್ಡದು ಮಾಡಿದ್ದರಿಂದ ನನಗೂ ಕೇಳಿಸಿತು.

"ಗದಗಿನ್ಯಾಗ ವಾಚ್‌ಮನ್ ಕೆಲಸಕ್ಕ ಸೇರ್ಯಾರ್ರಿ. ತಪ್ಪು ಮಿಷಿನ್ನಿಂದು ಅಂತ ನಾನೂ ಹೇಳಿದೆ. ನಂಬವಲ್ರು. ಮೇಡಂ ಕರುಣೆಗೆ ಹಂಗಂತಾರ, ನನ್ನ ಕೈ ಹೋತು ಅಂತಾರ."

ಈಗ ನನ್ನ ಜಾಗದಲ್ಲಿ ಎಳೆಯ ತುದಿಯನ್ನು ಪರದೆಯ ಮೇಲೆ ತೋರಿಸುವ ಹೊಸ ಯಂತ್ರ ಕೂತಿದೆ, ನಾನು ಕಪಾಟಿನ ಮೇಲಿದ್ದೇನೆ. ಮಾಲತೇಶನನ್ನು ಇಂದಿಗೂ ಬೈಯುತ್ತೇನೆ, ಆದರೆ ಮೊದಲಿನ ರುಚಿಯಿಲ್ಲ. ದ್ಯಾಮಣ್ಣನ ಕೈಗೆ ಏನೂ ಆಗಿರಲಿಲ್ಲ. ಅದನ್ನು ಕಣ್ಣಾರೆ ಕಂಡವನು ನಾನು, ನನಗೆ ಬಾಯಿಲ್ಲ.