ಪಾಪಮ್ಮನ ಎಡಗಿವಿ

ನಮ್ಮ ಕ್ಲಿನಿಕ್ಕಿಗೆ ಬರುವವರಲ್ಲಿ ಯಾರೂ ತಮಗಾಗಿ ಬಂದಿರುವುದಿಲ್ಲ. ಚಿಕ್ಕಮಗಳೂರಿನ ಈ ಚರ್ಮದ ಡಾಕ್ಟರ ಹತ್ತಿರ ಕೆಲಸಕ್ಕೆ ಸೇರಿದ ಮೇಲೆ ನಾನು ಕಲಿತ ಮೊದಲ ಪಾಠ ಇದು. ಕಣ್ಣ ಕೆಳಗಿನ ಸುಕ್ಕು ತೆಗೆಸಲು ಬರುವ ತೋಟದ ಮನೆಯ ಅಮ್ಮಾವ್ರು, ಮಗಳು ಒತ್ತಾಯ ಮಾಡಿದಳು ಅನ್ನುತ್ತಾರೆ. ತಲೆಗೆ ಕೂದಲು ನೆಡಿಸಿಕೊಳ್ಳುವ ಗಂಡು, ಹೆಣ್ಣಿನ ಕಡೆಯವರನ್ನು ದೂರುತ್ತಾನೆ. ಕೆನ್ನೆಯ ಮಚ್ಚೆ ತೆಗೆಸಲು ಬಂದ ಹುಡುಗಿ, ‘ನಂಗೇನಿಲ್ಲ ಅಕ್ಕಾ, ಫೋಟೋದಲ್ಲಿ ಚೆನ್ನಾಗ್ ಬರಲ್ಲ’ ಎಂದು ತಪ್ಪನ್ನು ಫೋಟೋದ ಮೇಲೆ ಹಾಕುತ್ತಾಳೆ. ‘ನನಗೆ ಆಸೆ ಇತ್ತು, ಬಂದೆ’ ಎಂದು ನೆಟ್ಟಗೆ ಹೇಳುವ ಒಂದು ಪ್ರಾಣಿಯೂ ಇಲ್ಲ. ಹೆಸರು ಕೂಗುವುದು, ಒಳಗೆ ಕಳಿಸುವುದು, ಹೊಲಿಗೆ ಹಾಕುವಾಗ ಡಾಕ್ಟರ ಕೈಗೆ ಕತ್ತರಿ ಕೊಡುವುದು, ಆಮೇಲೆ ರಕ್ತದ ಹತ್ತಿ ಎತ್ತಿ ಹಾಕುವುದು ನನ್ನ ಕೆಲಸ. ಸಂಜೆಯ ಹೊತ್ತಿಗೆ ಮನುಷ್ಯರ ಮುಖ ನೋಡುವುದೇ ಬೇಡ ಅನ್ನಿಸಿಬಿಡುತ್ತದೆ.

ಅಂಥ ಒಂದು ಸಂಜೆ ಅಪ್ಪನ ಫೋನು ಬಂತು.

“ಅರುಣಾ, ನಿಮ್ಮ ಡಾಕ್ಟ್ರು ಕಿವಿ ಹೊಲೀತಾರಾ?”

“ಯಾರ ಕಿವಿ ಅಪ್ಪಾ?”

“ನಿಮ್ಮಮ್ಮಂದು ಕಣೆ, ಮತ್ಯಾರ್ದು? ಪವಿತ್ರನ ಮದ್ವೆಗೆ ಮುಂಚೆ ಆಗ್ಬೇಕು. ಬೀಗ್ರ ಎದ್ರು ಆ ಹರಕು ಕಿವಿ ಇಟ್ಕಂಡು ಅವ್ಳನ್ನ ಹೆಂಗೆ ನಿಲ್ಸೋದು? ನಮ್ಗೂ ಒಂದ್ ಮರ್ಯಾದೆ ಇಲ್ವಾ?”

ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಹೊತ್ತಿಗೆ ಜಗಳಕ್ಕೂ ಶಕ್ತಿ ಉಳಿದಿರಲಿಲ್ಲ. ಕೇಳಿ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಅಮ್ಮನ ಎಡಗಿವಿಯ ಹಾಲೆ ಕೆಳಗಿನಿಂದ ಸೀಳಿ ಎರಡಾಗಿದೆ. ಕಾಫಿ ಕುಯ್ಯುವಾಗ ಓಲೆ ಕೊಂಬೆಗೆ ಸಿಕ್ಕಿ ಹರಿಯಿತು ಎಂಬುದು ಊರಿಗೆಲ್ಲ ಹೇಳಿದ ಕಥೆ. ನಿಜ ಏನೆಂದು ನನಗೆ ಗೊತ್ತು, ಯಾಕೆಂದರೆ ನಾನು ಅಲ್ಲೇ ಇದ್ದೆ. ನಾನಾಗ ಎರಡನೇ ಕ್ಲಾಸು, ತಂಗಿ ಪವಿತ್ರಾ ಅಮ್ಮನ ಹೊಟ್ಟೆಯಲ್ಲಿದ್ದಳು. ಅಪ್ಪ ಕುಡಿದು ಬಂದು ಓಲೆ ಬಿಚ್ಚಿ ಕೊಡು ಅಂದ. ತವರಿನವರು ಹಾಕಿದ ಓಲೆ, ಕೊಡುವುದಿಲ್ಲ ಎಂದು ಅಮ್ಮ ಎರಡೂ ಕಿವಿ ಮುಚ್ಚಿಕೊಂಡಳು. ಅವನು ಒಂದು ಕೈ ಬಿಡಿಸಿ ಎಳೆದ. ಅಮ್ಮ ಕೂಗಲಿಲ್ಲ. ಪಕ್ಕದ ಮನೆಗೆ ಕೇಳಿಸುತ್ತದೆ ಎಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಾರನೇ ಬೆಳಿಗ್ಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕೇಳಿದಾಗ ಕೊಂಬೆಯ ಕಥೆ ಕಟ್ಟಿದವಳೂ ಅವಳೇ. ಸುಳ್ಳು ಹೇಳಿದವಳು ಅಮ್ಮ, ಬರಬರುತ್ತ ಅದನ್ನು ನಂಬಿಬಿಟ್ಟವನು ಅಪ್ಪ.

ಅಪ್ಪ ಈಗ ಕುಡಿಯುವುದಿಲ್ಲ. ಕಾಮಾಲೆಯಾಗಿ ಸಾಯುವಷ್ಟಾಗಿ ಎದ್ದ ಮೇಲೆ ಬಿಟ್ಟ. ಆಮೇಲೆ ಮೇಸ್ತ್ರಿಯಾದ, ಬೊಮ್ಮಯ್ಯನವರಾದ, ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿ ಗಂಡ ಹೆಂಡಿರ ಜಗಳ ಬಂದರೆ ನಡುವೆ ಕೂತು ಬುದ್ಧಿ ಹೇಳುವವನೂ ಆದ. ಅವನ ಬುದ್ಧಿಮಾತು ಕೇಳಿ ತಲೆಯಾಡಿಸುವ ಜನರಿಗೆ ಅಮ್ಮ ಒಳಗಿಂದ ಕಾಫಿ ತಂದು ಕೊಡುತ್ತಿದ್ದಳು. ಆ ಕಿವಿಗೆ ಕಪ್ಪು ದಾರದಲ್ಲಿ ಓಲೆ ಕಟ್ಟಿ ಇಳಿಬಿಟ್ಟಿರುತ್ತಿದ್ದಳು. ನನ್ನ ಮದುವೆಯಲ್ಲೂ ಹಾಗೆಯೇ ನಿಂತಿದ್ದಳು. ಆಗ ಅಪ್ಪನಿಗೆ ಮರ್ಯಾದೆಯ ನೆನಪಾಗಲಿಲ್ಲ, ಯಾಕೆಂದರೆ ನನ್ನ ಗಂಡ ಅದೇ ಲೈನಿನ ಹುಡುಗ, ಅವರಿಂದ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಈಗ ಪವಿತ್ರಾಗೆ ಸಿಕ್ಕಿದ ಹುಡುಗ ಹಾಲೇಶ ಕಳಸದವನು, ಜೀಪು ಓಡಿಸುತ್ತಾನೆ. ಹೊಸ ಜನ, ಹೊಸ ಸಂಬಂಧ.

ಭಾನುವಾರ ಬಣಕಲ್ಲಿಗೆ, ಅಪ್ಪ ಅಮ್ಮನ ಮನೆಗೆ ಹೋದೆ. ಅಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಒಳಗೆ ಪವಿತ್ರಾ ನನ್ನ ಕೈ ಹಿಡಿದುಕೊಂಡು, “ಮಾಡ್ಸೇ ಅಕ್ಕಾ, ಪ್ಲೀಸ್. ಧಾರೆ ಎರೆಯೋ ಫೋಟೋದಲ್ಲಿ ಅಮ್ಮ ಚೆನ್ನಾಗ್ ಕಾಣ್ಬೇಕು” ಅಂದಳು. ಪಾಪ, ಅವಳು ನಂಬಿರುವುದು ಕೊಂಬೆಯ ಕಥೆಯನ್ನೇ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ, “ಈ ವಯಸ್ಸಲ್ಲಿ ಕಿವಿ ಹೊಲಿಸ್ಕಂಡು ಯಾರ್ ಮುಂದೆ ಕುಣೀಬೇಕಂತೆ ಪಾಪಮ್ಮಂಗೆ?” ಎಂದು ನಕ್ಕಳು. ಅಪ್ಪ ಜಗಲಿಯಲ್ಲಿ ಕೂತು, ದಿನ ಯಾವುದು, ಬಸ್ಸು ಯಾವುದು ಎಂದು ಆಗಲೇ ಗೊತ್ತುಮಾಡುತ್ತಿದ್ದ. ಕಿವಿ ಅಮ್ಮನದು. ಅವಳನ್ನು ಬಿಟ್ಟು ಉಳಿದವರೆಲ್ಲ ಮಾತಾಡಿದ್ದಾಯಿತು.

ನಾನು ಹಿತ್ತಲಿಗೆ ಹೋಗಿ ಅವಳ ಪಕ್ಕ ಕುಕ್ಕುರುಗಾಲಲ್ಲಿ ಕೂತೆ.

“ಅಮ್ಮಾ, ನಿಂಗೆ ಬೇಡ ಅಂದ್ರೆ ಬೇಡ ಅನ್ನು. ನಾನು ನೋಡ್ಕತೀನಿ.”

ಅಮ್ಮ ಪಾತ್ರೆ ಬೋರಲು ಹಾಕಿದಳು. “ಬೇಡ ಅಂತ ಯಾರ್ ಹೇಳಿದ್ರು ನಿಂಗೆ? ನಂಗೆ ಆಸೆ ಇದೆ.”

ನಾನು ಅವಳ ಮುಖವನ್ನೇ ನೋಡಿದೆ.

“ನೀನು ಆ ಕೆಲ್ಸಕ್ಕೆ ಸೇರಿದ್ ವರ್ಷವೇ ನಿಮ್ಮಪ್ಪನ್ನ ಕೇಳಿದ್ದೆ. ಮೊಮ್ಮಕ್ಳನ್ನ ಆಡ್ಸೋ ವಯಸ್ಸಲ್ಲಿ ಯಾರಿಗ್ ತೋರ್ಸಕ್ಕೆ ಅಂದ್ರು. ಸುಮ್ನಾದೆ. ಈಗ ಅವ್ರಿಗೇ ಬೇಕಾಗಿದೆ.” ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. “ಒಂದೇ ಕಣೆ ಅರುಣಾ. ಹೊಲ್ಸೋಕ್ ಮುಂಚೆ ಅವ್ರ ಬಾಯಲ್ಲಿ ಒಂದ್ ಸಲ ಬರ್ಲಿ. ನಾನೇ ಮಾಡ್ದೆ ಅಂತ. ಯಾರೆದ್ರಾದ್ರೂ ಆಗ್ಲಿ, ಆ ಡಾಕ್ಟ್ರ ಎದ್ರಾದ್ರೂ ಆಗ್ಲಿ. ಹೊಲಿದ್ ಮೇಲೆ ಏನೂ ಆಗೇ ಇಲ್ಲ ಅಂದ್ಬಿಡ್ತಾರೆ. ಆಮೇಲೆ ನಾನೇನ್ ತೋರ್ಸ್ಲಿ?”

ಇಷ್ಟು ಹೇಳಿ ಅವಳು ಎದ್ದು ಒಳಗೆ ಹೋದಳು. ನನಗೆ ಅಳು ಬಂತು. ಅಳಲು ಪುರಸೊತ್ತಿರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು.

ಅವರಿಬ್ಬರೂ ಚಿಕ್ಕಮಗಳೂರಿಗೆ ಬಂದ ದಿನ ಕ್ಲಿನಿಕ್ಕಿನಲ್ಲಿ ಜನವೋ ಜನ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಅಮ್ಮ ಎಲ್ಲ ಹೆಂಗಸರ ಮುಖವನ್ನೂ ಒಂದೊಂದಾಗಿ ನೋಡಿ, “ಇವ್ರಿಗೆಲ್ಲ ಏನಾಗಿದೆಯೇ, ಚೆನ್ನಾಗೇ ಇದಾರಲ್ಲ?” ಎಂದು ನನ್ನನ್ನು ಪಿಸುದನಿಯಲ್ಲಿ ಕೇಳಿದಳು. ನಾನು ಮುಂದಿನ ಹೆಸರು ಕೂಗಿದೆ.

ಡಾಕ್ಟರ್ ವಿಶ್ವನಾಥ್ ಒಳ್ಳೆಯವರು, ಆದರೆ ಅವಸರದ ಮನುಷ್ಯ. ಅಮ್ಮನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ದೀಪಕ್ಕೆ ತಿರುಗಿಸಿದರು. “ಹಳೇದು. ಹೆಂಗಾಯ್ತಮ್ಮಾ ಇದು?”

ಅಮ್ಮ ತಲೆ ತಿರುಗಿಸಿ ಅಪ್ಪನನ್ನು ನೋಡಿದಳು. ಆ ಪ್ರಶ್ನೆಗೆ ಇಷ್ಟು ವರ್ಷವೂ ಉತ್ತರ ಕೊಟ್ಟವಳು ಅವಳೇ. ಇವತ್ತು ಕೊಡಲಿಲ್ಲ. ಅಪ್ಪ ಗೋಡೆಯ ಮೇಲಿದ್ದ ನುಣುಪು ಕೆನ್ನೆಯ ಹುಡುಗಿಯ ಚಿತ್ರ ನೋಡುತ್ತಿದ್ದ. ಅಮ್ಮ ಕಾದಳು. ಡಾಕ್ಟರು ಕೈಗವಸು ಹಾಕಿಕೊಳ್ಳುತ್ತ ಕಾದರು. ನಾನು ಕತ್ತರಿಯ ತಟ್ಟೆ ಹಿಡಿದುಕೊಂಡು, ಹೇಳಪ್ಪಾ, ಒಂದೇ ಮಾತು, ಇಲ್ಲಿ ನಿನ್ನನ್ನು ಯಾರೂ ಹಿಡಿದುಕೊಂಡು ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಕಾಫಿ ಕುಯ್ಯೋವಾಗ ಸಾರ್” ಅಂದ ಅಪ್ಪ. “ಓಲೆ ಕೊಂಬೆಗ್ ಸಿಕ್ಬಿಟ್ಟು...”

“ಓಹೋ” ಅಂದರು ಡಾಕ್ಟರು. ಅವರಿಗೆ ಅಷ್ಟೇ ಸಾಕಾಗಿತ್ತು.

ಅಮ್ಮ ಅಪ್ಪನ ಮೇಲಿಂದ ಕಣ್ಣು ತೆಗೆದಳು. “ಹೊಲೀರಿ ಡಾಕ್ಟ್ರೇ” ಎಂದು ಮಂಚದ ಮೇಲೆ ಮಲಗಿ ಎಡಗಿವಿ ಮೇಲೆ ಮಾಡಿದಳು. ಅವಳು ಎದ್ದು ಹೊರಟುಬಿಡುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಹೊರಡಬೇಕಾಗಿತ್ತು ಎಂದು ಸಿಟ್ಟೂ ಬಂತು. ಆದರೆ ಕೇಳಿ ಕೇಳಿ ಸೋತವರ ಕಾಲಲ್ಲಿ ಅಷ್ಟು ಕಸುವು ಎಲ್ಲಿರುತ್ತದೆ? ಆಸೆಯಾದರೂ ತೀರಲಿ ಎಂದು ಮಲಗಿದಳೇನೋ. ಸೂಜಿ ಚುಚ್ಚಿದಾಗ ಅವಳ ಬೆರಳು ನನ್ನ ಸೀರೆಯ ನೆರಿಗೆ ಹಿಡಿದಿತ್ತು.

ಹೊಲಿಗೆ ಮುಗಿದು ಬಿಳಿ ಪಟ್ಟಿ ಅಂಟಿಸಿದ ಮೇಲೆ ಡಾಕ್ಟರು, ವಾರ ಬಿಟ್ಟು ಬನ್ನಿ, ಹೊಲಿಗೆ ಬಿಚ್ಚೋಣ, ಮೂರು ತಿಂಗಳು ಕಿವಿ ಚುಚ್ಚಿಸಬೇಡಿ ಅಂದರು. ಅಪ್ಪ ಎದ್ದುನಿಂತ.

“ಮೂರ್ ತಿಂಗ್ಳಾ? ಬರೋ ತಿಂಗ್ಳು ಮದ್ವೆ ಸಾರ್! ಓಲೆ ಇಲ್ದೆ ಧಾರೆ ಎರೆಯಕ್ಕಾಗ್ತದಾ?”

“ಚಪ್ಪಲಿ ಉಂಗುಷ್ಟ ಅಲ್ಲ ಬೊಮ್ಮಯ್ಯನವ್ರೇ, ಹೊಲಿದ ತಕ್ಷಣ ಹಾಕ್ಕೊಂಡ್ ನಡೆಯೋಕೆ. ಮಾಂಸ ಕೂಡ್ಕೋಬೇಕು.”

ಅವರನ್ನು ಊರಿಗೆ ಬಿಟ್ಟುಬರಲು ನಾನೂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಪ್ಪ ನನ್ನ ಮೇಲೆ ಎಗರಾಡಿದ. ಮೊದಲೇ ಯಾಕೆ ಹೇಳಲಿಲ್ಲ ಅಂದ. ಹೇಳಿದ್ದೆ, ಡಾಕ್ಟರನ್ನು ಕೇಳಿ ಫೋನಿನಲ್ಲೂ ಹೇಳಿದ್ದೆ, ಜಗಲಿಯಲ್ಲೂ ಹೇಳಿದ್ದೆ. ಹರಕು ಕಾಣದಿದ್ದರೆ ಸಾಕು ಎಂಬ ಆತುರದಲ್ಲಿ ಅವನಿಗೆ ಅದು ಕೇಳಿಸಿರಲಿಲ್ಲ. ಗಂಡ ಇರುವ ಹೆಂಗಸು, ಮದುಮಗಳ ತಾಯಿ, ಬರೀ ಕಿವಿಯಲ್ಲಿ ಚಪ್ಪರದಡಿ ನಿಲ್ಲುವುದು ಹೇಗೆ ಎಂದು ಅವನಿಗೆ ಈಗ ಹೊಸ ಚಿಂತೆ. ಅಮ್ಮ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು, ಅಥವಾ ಹಾಗೆ ಕಾಣುವಂತೆ ಕಣ್ಣು ಮುಚ್ಚಿದ್ದಳು.

ಹೊಲಿಗೆ ಬಿಚ್ಚುವ ಮೊದಲೇ ಬೀಗರು ಬಂದುಬಿಟ್ಟರು. ಹಾಲೇಶ ಮತ್ತು ಅವನ ತಾಯಿ ಯಲ್ಲಮ್ಮ ಚಿಕ್ಕಮಗಳೂರಿನಲ್ಲಿ ಧಾರೆ ಸೀರೆ ತೆಗೆದುಕೊಂಡು ಕಳಸಕ್ಕೆ ವಾಪಸು ಹೋಗುವವರು, ದಾರಿಯಲ್ಲಿ ಸೀರೆ ತೋರಿಸಿ ಹೋಗೋಣ ಎಂದು ಬಣಕಲ್ಲಿನಲ್ಲಿ ಜೀಪು ನಿಲ್ಲಿಸಿದರು. ಅಮ್ಮನ ಪಟ್ಟಿ ಬದಲಿಸಲು ನಾನೂ ಅವತ್ತು ಬಂದಿದ್ದೆ. ಅಪ್ಪ ಅಮ್ಮನಿಗೆ ಸನ್ನೆ ಮಾಡಿದ, ಸೆರಗು ಹೊದ್ದುಕೊ ಎಂದು. ಅವಳು ನೋಡಿಯೂ ನೋಡದಂತೆ ಎಲ್ಲರಿಗೂ ಕಾಫಿ ಹಂಚಿದಳು.

ಯಲ್ಲಮ್ಮ ಒಣಕಲು ದೇಹದ, ದೊಡ್ಡ ದನಿಯ ಹೆಂಗಸು. ಅವಳದ್ದೂ ಕಳಸದ ಕಡೆಯ ತೋಟದಲ್ಲಿ ಕಾಫಿ ಕುಯ್ದೇ ಮಗನನ್ನು ಸಾಕಿದ ಕೈ. ಸೀರೆಯ ಸೆರಗು ಬಿಡಿಸಿ ತೋರಿಸುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ, “ಅಯ್ಯೋ ಪಾಪಕ್ಕಾ, ಕಿವಿಗ್ ಏನಾಯ್ತು?” ಎಂದು ಕೇಳಿದಳು.

ಅಪ್ಪನೇ ಬಾಯಿ ಹಾಕಿದ. “ಹಳೇದು ಬೀಗಿತ್ತಿ. ಕಾಫಿ ಕುಯ್ಯೋವಾಗ ಓಲೆ ಕೊಂಬೆಗ್ ಸಿಕ್ಕಿ ಹರ್ದಿತ್ತು. ಮದ್ವೆಗ್ ಚೆನ್ನಾಗ್ ಕಾಣ್ಲಿ ಅಂತ ನಾನೇ ಹೊಲಿಸ್ದೆ.”

“ಕೊಂಬೆಗಾ?” ಯಲ್ಲಮ್ಮ ಹುಬ್ಬು ಗಂಟಿಕ್ಕಿದಳು. “ಅದ್ ಹೆಂಗೆ? ಚಿಗಳಿ ಇರುವೆ ಬೀಳ್ತಾವೆ ಅಂತ ತಲೆವಸ್ತ್ರ ಬಿಗಿಯಾಗ್ ಕಟ್ಕಂಡು, ಕಿವಿ ಮುಚ್ಕಂಡು ತಾನೆ ನಾವೆಲ್ಲ ಕುಯ್ಯೋದು? ಓಲೆ ಹೊರ್ಗೇ ಇರಲ್ವಲ್ಲ. ವಸ್ತ್ರ ಕಟ್ಟಿರ್ಲಿಲ್ವಾ ಪಾಪಕ್ಕಾ?”

ಅವಳು ಕೆಣಕಲು ಕೇಳಿದ್ದಲ್ಲ. ಕಾಫಿ ಕುಯ್ಯುವ ಯಾವ ಹೆಂಗಸಿಗಾದರೂ ಬರುವ ಅನುಮಾನ ಅದು. ನಮ್ಮ ಲೈನಿನ ಹೆಂಗಸರಿಗೂ ಅವತ್ತೇ ಬಂದಿರಬೇಕು. ರೈಟರಿಗೆ ಸಾಲುವ ಸುಳ್ಳು, ಡಾಕ್ಟರಿಗೆ ಸಾಲುವ ಸುಳ್ಳು, ಜೊತೆಗೆ ಕುಯ್ಯುವವರಿಗೆ ಹೇಗೆ ಸಾಕಾಗುತ್ತದೆ? ಅವರು ಕೇಳಲಿಲ್ಲ, ಅಷ್ಟೇ. ಒಂದೇ ಗೋಡೆಯ ಆಚೀಚೆ ಬದುಕುವವರು, ಇವತ್ತು ನಮ್ಮದು ಕೇಳಿದರೆ ನಾಳೆ ಅವರದ್ದು ನಾವು ಕೇಳುತ್ತೇವೆ.

“ಕಟ್ಟಿದ್ದೆ ಅಕ್ಕಾ” ಅಂದಳು ಅಮ್ಮ. “ನಾನ್ ಯಾವತ್ತೂ ವಸ್ತ್ರ ಕಟ್ದೆ ಕುಯ್ದೋಳಲ್ಲ.”

“ಮತ್ತೆ?”

“ಅವ್ರನ್ನೇ ಕೇಳಿ.”

ಪವಿತ್ರಾಳ ಕೈಯಲ್ಲಿ ಧಾರೆ ಸೀರೆ ಹಾಗೇ ಉಳಿಯಿತು. ಅವಳು ಅಪ್ಪನನ್ನು ನೋಡಿದಳು. ಹಾಲೇಶ ಲೋಟ ಕೆಳಗಿಟ್ಟ. ಸಂಬಂಧ ಇಲ್ಲಿಗೆ ಮುರಿದು ಬಿತ್ತು ಎಂದುಕೊಂಡೆ. ಆದರೂ, ದೇವರಾಣೆ, ನಾನು ಬಾಯಿ ಹಾಕಲಿಲ್ಲ. ಅಪ್ಪ ಎದ್ದು ಹೋಗುವವನಂತೆ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅವನು ಬಿಳಿ ಪಟ್ಟಿಯನ್ನು ನೋಡಿದ, ಆಮೇಲೆ ತನ್ನ ಕೈಯನ್ನು ನೋಡಿಕೊಂಡ.

“ನಾನೇ” ಅಂದ. ದನಿ ಸಣ್ಣಗಾಗಿತ್ತು. “ಕುಡ್ದಿದ್ದೆ. ನಾನೇ ಕಿತ್ತಿದ್ದು. ಆಗ ಇವ್ಳು ಬಸ್ರಿ.”

ಬುದ್ಧಿ ಹೇಳುವ ಬೊಮ್ಮಯ್ಯನವರು ಅಷ್ಟು ಚಿಕ್ಕವರಾಗಿ ಕೂತದ್ದನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಸುಸ್ತಾಯಿತು. ಪವಿತ್ರಾ ಸೀರೆಯನ್ನು ಮಡಿಲಿಗೆ ಇಳಿಸಿ ಸದ್ದಿಲ್ಲದೆ ಅಳುತ್ತಿದ್ದಳು.

ಯಲ್ಲಮ್ಮ ಮಗನ ಕಡೆ ತಿರುಗಿದಳು.

“ಕೇಳಿಸ್ಕಂಡ್ಯೇನೋ ಹಾಲೇಶ?”

“ಹ್ಞೂಂ ಅವ್ವಾ.”

“ಸರಿಯಾಗ್ ಕೇಳಿಸ್ಕ.”

ಆಮೇಲೆ ಅವಳು ಪವಿತ್ರಾಳ ಮಡಿಲಿನಿಂದ ಸೀರೆ ಎತ್ತಿಕೊಂಡು, ಮುದುಡಿದ ಅಂಚನ್ನು ನೀವಿ ಸರಿಮಾಡಿ ಅವಳ ಹೆಗಲಿಗೇ ಹಾಕಿದಳು.

ಅಮ್ಮ ಬಾಗಿಲು ಬಿಟ್ಟು ಬಂದು ಯಲ್ಲಮ್ಮನ ಪಕ್ಕ ಚಾಪೆಯ ಮೇಲೆ ಕಾಲು ಚಾಚಿ ಕೂತಳು. ನೆಂಟರು ಬಂದಾಗ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಅರುಣಾ, ನಂಗೂ ಒಂದ್ ಲೋಟ ಕಾಫಿ ತಾರೆ. ಸಾಕಾಗಿದೆ ಕಣೆ” ಅಂದಳು.